ಘಾಟಿಲ್ಲದ ಮೆಣಸಿನಕಾಯಿ

"ಆ ಗುಂಡಿ ಚಪ್ಪಡಿ ಸರಿಸ್ಬೇಡಿ ಮಾರಾಯ್ರೆ. ಅದರ ಬೂದಿ ಗಿಡಕ್ಕಲ್ಲ," ಎಂದರು ದಾಕ್ಷಾಯಣಮ್ಮ.

ಜ್ಞಾನೇಶ ಸಲಿಕೆ ಹಿಡಿದೇ ನಕ್ಕ. "ಬೂದಿ ಅಂದ್ರೆ ಪೊಟ್ಯಾಷ್ ಕಣಮ್ಮಾ. ಕಾಯಿಗೆ ಬಣ್ಣ ಬರೋದೇ ಅದ್ರಿಂದ."

1998ರ ಬೇಸಿಗೆಯಲ್ಲಿ ಮಾಚೇನಹಳ್ಳಿಯ ಕಾರ್ಖಾನೆಯೊಂದಕ್ಕೆ ಸೂಪರ್‌ವೈಸರನಾಗಿ ತುಮಕೂರಿನಿಂದ ಬಂದವನು ಅವನು. ರವೀಂದ್ರನಗರದಲ್ಲಿ ಆ ಮುದುಕಿಯ ಮನೆಯ ಅರ್ಧಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಹೆಂಡತಿ ರಶ್ಮಿ, ಐದು ವರ್ಷದ ಮಗಳು ಅಮೂಲ್ಯ, ಹನ್ನೆರಡು ಕುಂಡ ಬಣ್ಣದ ಮೆಣಸಿನ ಸಸಿ, ಇಷ್ಟೇ ಸಂಸಾರ. ನೇರಳೆ, ಹಳದಿ, ಕಿತ್ತಳೆ, ಕೆಂಪು ಕಾಯಿಗಳು ಒಂದೇ ಗಿಡದಲ್ಲಿ ಮುಗಿಲಿಗೆ ಮುಖ ಮಾಡಿ ನಿಂತರೆ ಅವನಿಗೆ ಅದೇ ಹಬ್ಬ.

ದಾಕ್ಷಾಯಣಮ್ಮ ನಲವತ್ತು ವರ್ಷದಿಂದ ಆ ಬೀದಿಯ ಮಕ್ಕಳಿಗೆಲ್ಲ ದೃಷ್ಟಿ ತೆಗೆಯುತ್ತಿದ್ದವರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಾರದಿದ್ದರೆ ಕಣ್ಣು ಬಿದ್ದಿದೆ ಎಂದೇ ಲೆಕ್ಕ. ಆ ಬೂದಿಯನ್ನು ಹಿತ್ತಲ ಗುಂಡಿಗೆ ಸುರಿದು ಕಲ್ಲು ಮುಚ್ಚುವುದು. ಇಷ್ಟು ಬೂದಿ ಇಟ್ಟುಕೊಂಡು ಗಿಡ ಒಣಗಿಸುವುದು ಎಂಥ ಬುದ್ಧಿ ಎನಿಸಿತು ಜ್ಞಾನೇಶನಿಗೆ. ಮುದುಕಿ ಮಠಕ್ಕೆ ಹೋದ ಹೊತ್ತು ನೋಡಿ ಎರಡು ಬುಟ್ಟಿ ತೋಡಿ, ಕುಂಡಗಳಿಗೆ ಹಾಕಿ ನೀರೆರೆದ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು.

ಎರಡು ತಿಂಗಳಿಗೆ ಬರಬೇಕಾದ ಕಾಯಿ ಮೂರೇ ವಾರಕ್ಕೆ ಬಂತು. ಆದರೆ ಮುಗಿಲು ನೋಡಬೇಕಾದ ಕಾಯಿಗಳೆಲ್ಲ ವಾಲಿ ಅಮೂಲ್ಯಳ ಕಿಟಕಿಯತ್ತ ಮೊನೆ ಮಾಡಿದ್ದವು. ಬಿಸಿಲಿಗೆ ವಾಲಿರಬೇಕೆಂದು ಕುಂಡಗಳನ್ನು ತಿರುಗಿಸಿಟ್ಟ. ಅಂದು ಮಗು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಸಂಜೆಗೆ ಮೊನೆಗಳೆಲ್ಲ ಅಂಗಳದ ಕಡೆಗಿದ್ದವು. ಜ್ಞಾನೇಶನಿಗೆ ಮೈ ಜುಮ್ಮೆಂದಿತು. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ನಕ್ಕಾಳೆಂಬ ಭಯ.

ಭಾನುವಾರ ಕತ್ತರಿ ಹಿಡಿದು ತೊಟ್ಟುಸಹಿತ ಮೊದಲ ಕೊಯ್ಲು ಮಾಡಿದ. ಒಂದು ಕೆಂಪು ಕಾಯಿ ಕಚ್ಚಿದ. ಖಾರವಿಲ್ಲ. ಬರೀ ಬೂದಿಯ ರುಚಿ. ಅದೇ ಗಳಿಗೆಗೆ ಒಳಗೆ ಅಮೂಲ್ಯ ಕೆಮ್ಮಿದಳು.

ಕೆಮ್ಮು ನಿಲ್ಲಲೇ ಇಲ್ಲ. ಡಾಕ್ಟರು ಕೊಟ್ಟ ಸಿರಪ್ಪು, ಇಂಜೆಕ್ಷನ್ನು ಯಾವುದೂ ನಾಟಲಿಲ್ಲ. ಮೂರನೆಯ ದಿನ ಮಗುವಿನ ತುಟಿ ನೀಲಿಗಟ್ಟಿತು. ರಶ್ಮಿ ತಡೆಯಲಾರದೆ ಕೊಯ್ದಿಟ್ಟ ಕಾಯಿಗಳಲ್ಲೇ ಒಂದು ಹಿಡಿ ತೆಗೆದು, ನಿವಾಳಿಸಿ, ಕೆಂಡಕ್ಕೆ ಎಸೆದಳು. ಚಟಪಟ ಸಿಡಿದವು. ಹೊಗೆ ಎದ್ದಿತು. ಘಾಟಿಲ್ಲ. ಯಾರಿಗೂ ಒಂದು ಸೀನೂ ಬರಲಿಲ್ಲ.

ಬಾಗಿಲಲ್ಲಿ ದಾಕ್ಷಾಯಣಮ್ಮ ನಿಂತಿದ್ದರು. "ಗುಂಡಿ ತೋಡಿದ್ರಾ?"

ಜ್ಞಾನೇಶ ತಲೆ ತಗ್ಗಿಸಿದ.

"ನಲವತ್ತು ವರ್ಷದ ಕಣ್ಣು ಅಲ್ಲಿ ಮಲಗಿತ್ತು. ನೀವು ನೀರು ಹಾಕಿ ಎಬ್ಬಿಸಿದ್ರಿ."

"ಅಮ್ಮಾ, ಮಗು ಉಳಿಸ್ಕೊಡಿ. ಕಾಲಿಗೆ ಬೀಳ್ತೀನಿ."

"ನೆಟ್ಟವನೇ ತಿನ್ಬೇಕು. ದೀಪ ಹಚ್ಚೋದ್ರೊಳಗೆ, ಒಂದೂ ಉಳೀಬಾರ್ದು. ಆದ್ರೆ ಆ ಕಣ್ಣು ಎಲ್ಲಿಗೂ ಹೋಗಲ್ಲ. ನಿಮ್ಮೊಳಗೇ ಇರ್ತದೆ."

"ಇರ್ಲಿ!"

ಹೊತ್ತು ಇಳಿಯುತ್ತಿತ್ತು. ಜ್ಞಾನೇಶ ಕೆಂಡಕ್ಕೆ ಬಿದ್ದ ಕಾಯಿಗಳ ಬೂದಿಯನ್ನೂ ಬಿಡದೆ ನೆಕ್ಕಿದ. ಕೊಯ್ದಿಟ್ಟ ಕಾಯಿಗಳ ತಟ್ಟೆ ಖಾಲಿಯಾಯಿತು. ಕುಂಡಗಳ ಮುಂದೆ ಮಂಡಿಯೂರಿದ. ಕಿತ್ತ. ಅಗಿದ. ನುಂಗಿದ. ಬಾಯಿ ಒತ್ತಿ ಹಿಡಿದ. ಮತ್ತೆ ಕಿತ್ತ. ಒಳಗೆ ಮಗುವಿನ ಉಸಿರು ಸಿಳ್ಳೆ ಹಾಕುತ್ತಿತ್ತು. ಕತ್ತಲು ಕವಿಯಿತು; ದೀಪ ಇನ್ನೂ ಹಚ್ಚಿರಲಿಲ್ಲ. ಮುಗಿಯಿತೇ? ಕೈಯಾಡಿಸಿದ. ಎಲೆಯಡಿ ಒಂದು ನೇರಳೆ ಕಾಯಿ, ಬೆರಳಿಗೆ ತಾನಾಗಿ ತಗುಲಿತು. ನುಂಗಿದ.

ಕೆಮ್ಮು ನಿಂತಿತು.

ಒಳಗೆ ಓಡಿದ. ಅಮೂಲ್ಯ ನಿದ್ದೆ ಹೋಗಿದ್ದಳು. ತುಟಿಗೆ ಕೆಂಪು ಮರಳಿತ್ತು. ಅವನಿಗೆ ಅಳು ಬಂತು. ಎಷ್ಟು ಚೆಂದ ನನ್ನ ಮಗಳು ಎಂದು ಕಣ್ತುಂಬ ನೋಡಿದ.

ಮಗು ಬೆಚ್ಚಿ ಕೆಮ್ಮಿತು. ಮುಖ ತಿರುಗಿಸಿದ. ನಿಂತಿತು. ಮತ್ತೆ ನೋಡಿದ. ಕೆಮ್ಮು.

ರಶ್ಮಿ ಬಂದು ಗಂಡನ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿದಳು.

ಈಗ ಅವನಿರುವುದು ಭದ್ರಾವತಿಯ ಒಂಟಿ ಕೋಣೆಯಲ್ಲಿ. ಭಾನುವಾರ ಬಸ್ಸು ಹತ್ತಿ ಬರುತ್ತಾನೆ. ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಬೆನ್ನ ಹಿಂದೆ ಪುಟ್ಟ ಹೆಜ್ಜೆಗಳ ಸದ್ದಾಗುತ್ತದೆ.

"ಅಪ್ಪಾ, ನನ್ ಹಲ್ಲು ಬಿತ್ತು. ತಿರುಗಿ ನೋಡು."

"ನೋಡ್ದೆ ಪುಟ್ಟಿ," ಎನ್ನುತ್ತಾನೆ ಗೋಡೆಗೆ. "ತುಂಬಾ ಚೆಂದ ಕಾಣ್ತೀಯ."