ನಾಲ್ಕು ಪೌಂಡ್ ಸಡಿಲ

"ಅಲ್ಲಿ ಸಾಲಲ್ಲಿಡಿ. ನಿಮ್ದು ಹನ್ನೊಂದನೇದು."

ತಲೆಯನ್ನೂ ಎತ್ತದೆ ಅವನು ಹೇಳಿದ.

ರಾಜನ ಕಿರಿಯ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಹುಟ್ಟಿದಂದಿನಿಂದ ಯಾರೂ ಅವಳಿಗೆ ಸಾಲು ತೋರಿಸಿರಲಿಲ್ಲ. ಅವಳು ಬಂದರೆ ಸಾಲೇ ಸರಿದು ದಾರಿಯಾಗುತ್ತಿತ್ತು.

ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ಒಂದು ಯಂತ್ರ, ಒಂದು ಸ್ಟೂಲು, ಗೋಡೆಯ ತುಂಬ ಬ್ಯಾಡ್ಮಿಂಟನ್ ರಾಕೆಟ್‌ಗಳು. ಅವುಗಳಿಗೆ ಗಟ್ಟಿಂಗ್ ಹಾಕುವುದು, ಅಂದರೆ ದಾರ ಹೆಣೆದು ಬಿಗಿಯುವುದು, ಅವನ ಕೆಲಸ. ದಾರವನ್ನು ಒಮ್ಮೆ ಬೆರಳಿನಿಂದ ಮೀಟಿ, ಎಷ್ಟು ಪೌಂಡ್ ಬಿಗಿಯಿದೆಯೆಂದು ಹೇಳಬಲ್ಲವನಾದ್ದರಿಂದ ಆಟಗಾರರು ಅವನಿಗೆ 'ಪೌಂಡು' ಎಂದೇ ಹೆಸರಿಟ್ಟಿದ್ದರು.

"ನಾನು ಯಾರು ಅಂತ ಗೊತ್ತಾ ನಿಮಗೆ?"

ಅವನು ಆಗ ತಲೆಯೆತ್ತಿದ. ಅವಳ ಮುಖಕ್ಕಿಂತ ಮೊದಲು ಅವಳ ಕೈಯಲ್ಲಿದ್ದ ರಾಕೆಟ್ ನೋಡಿದ.

"ಗೊತ್ತು. ಇಪ್ಪತ್ತೆಂಟು ಪೌಂಡ್."

ಕೋಪ ಬರಬೇಕಾಗಿತ್ತು. ಬಂದದ್ದು ನಗು. ಅದನ್ನು ಅಡಗಿಸಿಕೊಂಡು ಅವಳು ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ಹತ್ತು ರಾಕೆಟ್ ಮುಗಿಯುವವರೆಗೂ ಕುಳಿತಳು.

ಆಮೇಲೆ ಆ ಮೆಟ್ಟಿಲು ಅವಳಿಗೆ ಅಭ್ಯಾಸವಾಯಿತು. ಗಟ್ಟಿಂಗ್ ಹರಿಯದ ದಿನವೂ ಬಂದು ಕೂರುತ್ತಿದ್ದಳು.

"ನೀವು ಆಡೋದಕ್ಕೆ ಮನೇಲಿ ಏನಂತಾರೆ?" ಎಂದು ಅವನು ಒಮ್ಮೆ ಕೇಳಿದ.

"ರಿಬ್ಬನ್ ಕತ್ತರಿಸೋ ಕೈಗೆ ರಾಕೆಟ್ ಯಾಕೆ ಅಂತಾನೆ ಅಣ್ಣ."

"ಕತ್ತರಿ ತಗೊಂಬನ್ನಿ. ಅದಕ್ಕೂ ಗ್ರಿಪ್ ಸುತ್ತಿಕೊಡ್ತೀನಿ."

ಅರಮನೆಯ ಊಟದ ಮೇಜಿನಲ್ಲಿ ಯಾರೂ ಹೀಗೆ ಮಾತಾಡುತ್ತಿರಲಿಲ್ಲ. ಈ ಮನುಷ್ಯನ ಜೊತೆ ಮಾತ್ರ ನಾನು ಯಾರ ಮಗಳೂ ಅಲ್ಲ... ಎಂದುಕೊಳ್ಳುತ್ತಿದ್ದಳು. ಆದರೆ ಆ ಮಾತು ನಾಲಿಗೆಗೆ ಬರಲಿಲ್ಲ. ಬರಬೇಕಾಗಿತ್ತು.

ಅಪ್ಪನೊಂದಿಗೆ ಅವಳದೊಂದು ಒಪ್ಪಂದವಿತ್ತು. ಈ ವರ್ಷ ದೇಶದ ತಂಡಕ್ಕೆ ಆಯ್ಕೆಯಾಗಬೇಕು; ಇಲ್ಲವಾದರೆ ಆಟ ಬಿಟ್ಟು ಅರಮನೆಯ ಕರ್ತವ್ಯಗಳಿಗೆ ಮರಳಬೇಕು. ಆಯ್ಕೆಗೆ ಉಳಿದಿದ್ದುದು ಒಂದೇ ಪಂದ್ಯಾವಳಿ. ಅಷ್ಟರಲ್ಲಿ ಅವಳ ಬಲಭುಜದಲ್ಲಿ ನೋವು ಹುಟ್ಟಿತು. ಯಾರಿಗೂ ಹೇಳಲಿಲ್ಲ. 'ನನಗೆ ಯಾವ ಗಾಯವೂ ಇಲ್ಲ' ಎಂಬ ಫಾರ್ಮಿಗೆ ಸಹಿಯನ್ನೂ ಹಾಕಿದಳು.

ಯಾರಿಗೂ ತಿಳಿಯದ್ದು ಮೆಟ್ಟಿಲ ಕೆಳಗಿನ ಕೋಣೆಗೆ ತಿಳಿಯಿತು. ಅವಳ ರಾಕೆಟ್‌ನ ದಾರ ಈಗ ನಡುವಿನಲ್ಲಿ ಹರಿಯುತ್ತಿರಲಿಲ್ಲ, ಮೇಲ್ತುದಿಯಲ್ಲಿ ಹರಿಯುತ್ತಿತ್ತು. ಕೈ ಪೂರ್ತಿ ಮೇಲೇಳದಿದ್ದಾಗ ಶಟಲ್ ತಾಗುವುದು ಅಲ್ಲಿಗೆ.

"ಭುಜ ನೋಯ್ತಿದೆಯಾ?"

ಅವಳು ಬೆಚ್ಚಿದಳು. "ನಿಮ್ಮ ಕೆಲಸ ಗಟ್ಟಿಂಗ್ ಹಾಕೋದು. ಡಾಕ್ಟರ್‌ಗಿರಿ ಅಲ್ಲ."

ಅವನು ಮತ್ತೆ ಕೇಳಲಿಲ್ಲ.

ಆರು ವಾರಗಳ ನಂತರ ಆ ಪಂದ್ಯಾವಳಿಯ ಫೈನಲ್. ಕೊನೆಯ ಅಂಕಕ್ಕೆ ಅವಳು ಹಿಂದಿನ ಗೆರೆಯ ಮೂಲೆಗೆ ಶಟಲ್ಲನ್ನು ಎತ್ತಿ ಹೊಡೆದಳು. ಸಾವಿರ ಸಲ ಹೊಡೆದ ಹೊಡೆತ. ಕಣ್ಣು ಮುಚ್ಚಿ ಹೊಡೆದರೂ ಗೆರೆಯ ಮೇಲೆಯೇ ಬೀಳಬೇಕಾದದ್ದು.

ನಾಲ್ಕು ಬೆರಳು ಹೊರಗೆ ಬಿತ್ತು.

ಅಂಕಣದ ಬದಿಯಲ್ಲಿ ಅವಳ ತರಬೇತುದಾರರು ರಾಕೆಟ್ ತೆಗೆದುಕೊಂಡು ಮೀಟಿದರು. ಹುಬ್ಬು ಗಂಟಿಕ್ಕಿತು. ಅಳೆಯುವ ಸಾಧನ ತರಿಸಿ ಇಟ್ಟು ನೋಡಿದರು. ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇಪ್ಪತ್ತೆಂಟು. ಸಾಧನದಲ್ಲಿ ಇಪ್ಪತ್ತನಾಲ್ಕು.

"ನಾಲ್ಕು ಪೌಂಡ್ ಸಡಿಲ," ಎಂದರು. "ಸಡಿಲ ದಾರ ಶಟಲ್ಲನ್ನ ಜಾಸ್ತಿ ದೂರ ಚಿಮ್ಮಿಸುತ್ತೆ. ಹೊರಗೆ ಹೋಗ್ದೆ ಇನ್ನೇನಾಗುತ್ತೆ?"

ಮೆಟ್ಟಿಲ ಕೆಳಗಿನ ಕೋಣೆಯಿಂದ ಅವನನ್ನು ಕರೆಸಿದರು. ಆಯ್ಕೆ ಸಮಿತಿಯ ಮೂವರೂ ಅಲ್ಲೇ ನಿಂತಿದ್ದರು.

"ಯಾರು ಹೇಳಿ ಮಾಡಿಸಿದ್ದು?" ಎಂದು ಅವಳು ಕೇಳಿದಳು. "ನಮ್ಮಣ್ಣನಾ?"

ಅವನು ಒಮ್ಮೆ ಅವಳ ಬಲಭುಜವನ್ನು ನೋಡಿದ. ಒಮ್ಮೆ ಆ ಮೂವರನ್ನು ನೋಡಿದ.

"ನಾನೇ ಮಾಡಿದ್ದು, ಮೇಡಂ. ಯಾರೂ ಹೇಳಿಲ್ಲ."

"ಯಾಕೆ?"

ಅವನು ಬಾಯಿ ತೆರೆಯಲಿಲ್ಲ.

"ಇವರ ಮುಖ ಇನ್ನು ನನಗೆ ಕಾಣಿಸ್ಬಾರ್ದು," ಎಂದಳು. ರಾಜಕುಮಾರಿಯ ಬಾಯಿಂದ ಹಾಗೆ ಬಂದ ಮಾತು ಸಂಜೆಯೊಳಗೆ ಆಜ್ಞೆಯಾಗುತ್ತದೆ. ಅವನಿಗೆ ಯಾವ ಪಂದ್ಯಾವಳಿಯಲ್ಲೂ ಕೆಲಸ ಕೊಡಬಾರದೆಂದು ಬ್ಯಾಡ್ಮಿಂಟನ್ ಒಕ್ಕೂಟ ಪತ್ರ ಹೊರಡಿಸಿತು.

ಫೈನಲ್ ಸೋತರೂ, ಅಲ್ಲಿಯವರೆಗಿನ ಗೆಲುವುಗಳಿಂದ ಅವಳು ತಂಡಕ್ಕೆ ಆಯ್ಕೆಯಾದಳು. ಅಣ್ಣನೊಡನೆ ಜಗಳವಾಡಿದಾಗ ಅವನು ಹೊಟ್ಟೆ ಹಿಡಿದು ನಕ್ಕ.

"ಲಂಚ ಕೊಡೋದಾಗಿದ್ರೆ ಗೆರೆ ನೋಡೋ ಅಂಪೈರ್‌ಗೆ ಕೊಡ್ತಿದ್ದೆ ಪುಟ್ಟಿ. ಗಟ್ಟಿಂಗ್ ಹಾಕೋನಿಗೆ ಯಾರು ಕೊಡ್ತಾರೆ?"

ಅವಳು ನಂಬಲಿಲ್ಲ. ಹಠಕ್ಕೆ ಬಿದ್ದು ಮೂವತ್ತು ಪೌಂಡ್ ಹಾಕಿಸಿಕೊಂಡಳು. ನಾಲ್ಕನೆಯ ತಿಂಗಳು, ಒಂದು ಸ್ಮ್ಯಾಶ್ ಹೊಡೆಯುವಾಗ ಭುಜದೊಳಗೆ ಏನೋ ಬಟ್ಟೆಯಂತೆ ಹರಿಯಿತು.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಹಳೆಯ ವಿವರಗಳನ್ನೆಲ್ಲ ಕೇಳಿದರು.

"ನೋವು ಶುರುವಾದ್ಮೇಲೆ ಮಧ್ಯದಲ್ಲಿ ಯಾವಾಗ್ಲಾದ್ರೂ ಕಡಿಮೆಯಾಗಿತ್ತಾ?"

"ಫೈನಲ್‌ಗೆ ಮುಂಚೆ... ಒಂದು ಆರು ವಾರ."

"ಆಗ ಏನು ಬದಲಾಯಿಸಿದ್ರಿ? ದಾರದ ಬಿಗಿ ಕಡಿಮೆ ಮಾಡಿದ್ರಾ? ದಾರ ಸಡಿಲ ಇದ್ರೆ ಕಡಿಮೆ ಬಲಕ್ಕೇ ಶಟಲ್ ಹೋಗುತ್ತೆ. ಅದಕ್ಕೇ ಭುಜ ಅಷ್ಟು ದಿನ ತಡ್ಕೊಂಡಿದೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಫೈನಲ್ ದಿನ ಸಮಿತಿಯೆದುರು ಅವನು ನೋಡಿದ ಆ ಎರಡು ನೋಟಗಳು ಈಗ ಅರ್ಥವಾದವು. ಅಲ್ಲಿ ಅವನು ಒಂದೇ ಒಂದು ಮಾತು ಆಡಿದ್ದರೆ ಅವನು ಉಳಿಯುತ್ತಿದ್ದ. ಗಾಯ ಬಚ್ಚಿಟ್ಟ ಅವಳು ತಂಡದಿಂದ ಹೊರಬೀಳುತ್ತಿದ್ದಳು.

ಅಂದೇ ಕ್ಷಮಾಪಣೆಯ ಪತ್ರ ಬರೆದಳು. ಅರಮನೆಯ ಕಾರ್ಯದರ್ಶಿ ಅದನ್ನು ಎರಡು ಬಾರಿ ಓದಿ, ಮಡಚಿ ಹಿಂದಿರುಗಿಸಿದರು.

"ಅರಮನೆ ವಿಷಾದ ವ್ಯಕ್ತಪಡಿಸುತ್ತೆ, ಅಮ್ಮಾವ್ರೇ. ಕ್ಷಮೆ ಕೇಳೋ ಪದ್ಧತಿ ಇಲ್ಲ."

ಅವಳು ಆ ಪತ್ರವನ್ನು ಮೇಜಿನ ಖಾನೆಯಲ್ಲಿಟ್ಟಳು. ಪದ್ಧತಿಯ ಹಿಂದೆ ಅಡಗಿ ಕೂರುವುದು ಎಷ್ಟು ಸುಲಭವೆಂದು ಅವಳಿಗೆ ಅಂದು ತಿಳಿಯಿತು. ಹಾಗೆ ಒಂದೂವರೆ ವರ್ಷ ಕುಳಿತಳು. ರಿಬ್ಬನ್ ಕತ್ತರಿಸಿದಳು. ಬಹುಮಾನ ಹಂಚಿದಳು. ಜನರತ್ತ ಎಡಗೈ ಬೀಸಿದಳು.

ಒಂದು ಬಹುಮಾನ ವಿತರಣೆಯ ದಿನ, ಕಾಲುಗಳು ತಾವಾಗಿಯೇ ಅವಳನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಒಯ್ದವು. ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು.

"ಮುಂಚೆ ಇದ್ದವರು ಈಗೆಲ್ಲಿದ್ದಾರೆ?"

"ಪೌಂಡಾ? ಹಳೇ ಪೀಠೋಪಕರಣದ ಅಂಗಡೀಲಿ ಕುರ್ಚಿಗೆ ವೈರ್ ಹೆಣೀತಾನೆ. ಅಂಥಾ ಕೈ... ಕುರ್ಚಿಗೆ."

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಕಾವಲಿನವರನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಆ ಅಂಗಡಿಗೆ ಒಬ್ಬಳೇ ನಡೆದಳು. ಬೆನ್ನಿಲ್ಲದ ಕುರ್ಚಿಗಳ ನಡುವೆ ಅವನು ಮೊಣಕಾಲೂರಿ ಕುಳಿತು ವೈರ್ ಎಳೆಯುತ್ತಿದ್ದ. ಅವಳ ನೆರಳು ಬಿದ್ದಿತು. ಅವನ ಕೈ ನಿಂತಿತು.

"ಮುಖ ಕಾಣಿಸ್ಬಾರ್ದು ಅಂದಿದ್ರಿ," ಎಂದನು ಮೆಲ್ಲಗೆ. "ನಾನಂತೂ ಬಂದಿಲ್ಲ. ನೀವೇ ಬಂದಿದೀರ."

"ಆ ಮಾತಿಗೆ ನನ್ನ ಕ್ಷಮಿಸಿ. ನನಗೆ ಎಲ್ಲ ಗೊತ್ತಾಗಿ ಒಂದೂವರೆ ವರ್ಷ ಆಯ್ತು. ಆದ್ರೂ ಬರ್ಲಿಲ್ಲ. ಮೊದಲನೇ ತಪ್ಪಿಗಿಂತ ಅದೇ ದೊಡ್ಡದು."

ಅವನು ವೈರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ನಂದೂ ತಪ್ಪೇ. ನಿಮ್ಮ ಕೈಗೆ ಏನು ಬೇಕು ಅಂತ ನಿಮ್ಮನ್ನ ಕೇಳ್ದೆ ನಾನೇ ತೀರ್ಮಾನ ಮಾಡ್ಬಿಟ್ಟೆ. ಪ್ರತಿ ಸಲ ಅರ್ಧ ಪೌಂಡ್ ಇಳಿಸಿ, ಚೀಟಿ ಮೇಲೆ ಇಪ್ಪತ್ತೆಂಟು ಅಂತ ಸುಳ್ಳು ಬರೀತಿದ್ದೆ. ನೀವು ಫೈನಲ್ ಸೋತಿದ್ದು ಆ ಸುಳ್ಳಿಗೆ."

"ಕೇಳಿದ್ರಿ. ನಾನು ಬೈದೆ."

"ಇನ್ನೊಂದು ಸಲ ಕೇಳ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡಳು. "ನಿನ್ನೆ ಒಕ್ಕೂಟಕ್ಕೆ ಹೋಗಿದ್ದೆ. ಗಾಯ ಬಚ್ಚಿಟ್ಟು ಸಹಿ ಹಾಕಿದ್ದು ನಾನು, ನೀವು ಬಾಯಿ ಮುಚ್ಕೊಂಡಿದ್ದು ನನಗೋಸ್ಕರ ಅಂತ ಬರೆದುಕೊಟ್ಟೆ. ನಿಮ್ಮ ಮೇಲಿನ ನಿಷೇಧ ತೆಗೀತಾರಂತೆ. ನನ್ನ ಪದಕಗಳನ್ನ ವಾಪಸ್ ಕೇಳಿದಾರೆ."

"ಅರಮನೇಲಿ?"

"ಅಪ್ಪ ಮಾತಾಡ್ತಿಲ್ಲ. ಕಾರ್ಯದರ್ಶಿಗಳಿಗೆ ಬಿಪಿ ಏರಿದೆಯಂತೆ."

ಅವನ ತುಟಿಯಂಚು ಸಡಿಲಗೊಂಡಿತು. ಆದರೆ ಕಣ್ಣುಗಳಲ್ಲಿ ನಗುವಿರಲಿಲ್ಲ.

"ಇಷ್ಟೆಲ್ಲ ಯಾಕೆ? ಪಾಪ ಅಂತಾನಾ?"

"ಅಲ್ಲ." ಅವಳು ಉಸಿರು ಎಳೆದುಕೊಂಡಳು. "ಗಟ್ಟಿಂಗ್ ಹರಿಯದೇ ಇರೋ ರಾಕೆಟ್ ಹಿಡ್ಕೊಂಡು ಆ ಮೆಟ್ಟಿಲ ಮೇಲೆ ಯಾಕೆ ಕೂರ್ತಿದ್ದೆ ಅಂತ ನೀವು ಒಂದು ದಿನವೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನಿಮ್ಮನ್ನ ಪ್ರೀತಿಸ್ತಿದ್ದೆ. ಈಗ್ಲೂ... ತಡವಾಯ್ತು ಅಂತ ಗೊತ್ತು."

ಅವನು ವೈರನ್ನು ಕೆಳಗಿಟ್ಟು ಎದ್ದು ನಿಂತ. ಹತ್ತಿರ ಬಂದ.

"ಕೈ ಈಗ ಎಷ್ಟು ಮೇಲೆ ಹೋಗುತ್ತೆ?"

ಅವಳು ಬಲಗೈಯನ್ನು ನಿಧಾನವಾಗಿ ಎತ್ತಿದಳು. ಎದೆಯ ಮಟ್ಟ ದಾಟಿತು. ಭುಜದ ಸಮಕ್ಕೆ ಬಂದು, ನಡುಗಿ, ನಿಂತಿತು.

"ಇಷ್ಟೇ," ಎಂದಳು. "ಇದಕ್ಕಿಂತ ಮೇಲೆ ಇನ್ನು ಯಾವತ್ತೂ ಹೋಗಲ್ಲ."

ಅವನು ಇನ್ನೊಂದು ಹೆಜ್ಜೆ ಮುಂದಿಟ್ಟು, ಸ್ವಲ್ಪ ಬಾಗಿದ. ಗಾಳಿಯಲ್ಲಿ ನಿಂತಿದ್ದ ಕೈಗೆ ಅವನ ಹೆಗಲು ಆಸರೆಯಾಯಿತು.

"ನೋಯ್ತಿದೆಯಾ?"

"ಹ್ಞೂಂ," ಎಂದಳು ಅವಳು, ಮೊದಲ ಬಾರಿಗೆ. "ನೋಯ್ತಿದೆ."

"ಹಾಗಾದ್ರೆ ಇಳಿಸ್ಬೇಡಿ. ಭಾರ ನನ್ನ ಮೇಲೆ ಬಿಡಿ."