ಬೆಳ್ಳಗಾದ ರಿವಾಲ್ವರ್

ಎಮಿಲ್ ಕ್ರಾಟ್ಸ್ ಟೋಪಿ ತೆಗೆಯದೆ ನಮ್ಮ ಭಾವನ ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ಆ ದಿನದವರೆಗೆ ಕಂಡಿರಲಿಲ್ಲ. ನಮ್ಮೂರು ಡ್ರೈ ಫೋರ್ಕ್ ಸುತ್ತಮುತ್ತ ಬಂದೂಕು ರಿಪೇರಿ ಮಾಡುವವನು ಅವನೊಬ್ಬನೇ. ಹಳೆಯ ಬಂದೂಕು ಕೊಳ್ಳುವವರು, ಮಾರುವವರು ಮೊದಲು ಅವನ ಮೇಜಿನ ಮೇಲೆ ತಂದಿಡುತ್ತಿದ್ದರು. ಅವನು ನೋಡಿ ಹೇಳಿದ್ದೇ ಬೆಲೆ. ಆ ಮಾತಿಗೆ ಮೊಂಟಾನಾದ ಈ ಮೂಲೆಯಲ್ಲಿ ಯಾರೂ ಎದುರಾಡಿದವರಿಲ್ಲ.

"ಥೋರ್ವಾಲ್ಡ್, ನನ್ನ ಅಂಗಡಿ ಮುಚ್ಚೋ ಹಾಗಾಗಿದೆ" ಎಂದ.

ಭಾವ ಕಾಫಿ ಲೋಟ ಕೆಳಗಿಟ್ಟರು. "ಕೂತ್ಕೋ ಮಾರಾಯ. ಎಲ್ಸಾ, ಇವನಿಗೂ ಒಂದು ಲೋಟ ಹಾಕು" ಎಂದು ನನ್ನಕ್ಕನಿಗೆ ಹೇಳಿದರು.

ನನ್ನ ಭಾವ ಥೋರ್ವಾಲ್ಡ್ ಬೆಕ್ ದನಗಳ ಮುದ್ರೆ ತಪಾಸಣೆಗಾರರು. ದನ ಮಾರಾಟವಾಗಿ ರೈಲು ಹತ್ತುವ ಮೊದಲು ಅದರ ಮೈಮೇಲಿನ ಬರೆಮುದ್ರೆ ನಿಜವೋ, ಹಳೆಯ ಮುದ್ರೆಯ ಮೇಲೆ ಕಳ್ಳ ಎಳೆದ ಹೊಸ ಗೆರೆಯೋ ಎಂದು ಹೇಳುವುದು ಅವರ ಕೆಲಸ. ಕಳುವು, ಸುಳ್ಳು, ಗಡಿ ಜಗಳ ಏನೇ ಆದರೂ ಶೆರಿಫನಿಗಿಂತ ಮೊದಲು ಜನ ಅವರ ಬಾಗಿಲು ತಟ್ಟುತ್ತಿದ್ದರು. ನಾನು ಕ್ಲೈಡ್, ಕುದುರೆಗಳಿಗೆ ಜೀನು ಹೊಲಿಯುವವನು. ಅವರ ಹಿಂದೆ ತಿರುಗುವುದಕ್ಕಾಗಿ ಅರ್ಧ ಹೊಲಿದ ಜೀನುಗಳನ್ನು ಎಷ್ಟೋ ಸಲ ಹಾಗೆಯೇ ಬಿಟ್ಟು ಹೋಗಿದ್ದೇನೆ. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯೇ.

"ಸಿಗ್ರಿಡಮ್ಮನ ರಿವಾಲ್ವರ್ ಹಾಳಾಗಿದೆ. ನಾನು ಹಾಳು ಮಾಡ್ದೆ ಅಂತ ಊರೆಲ್ಲ ಹೇಳ್ತಿದೆ" ಎಂದ ಎಮಿಲ್.

ಸಿಗ್ರಿಡ್ ಹೌಗೆನ್ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ನದಿಯಾಚೆಯ ಕೊರಕಲುಗಳಲ್ಲಿದ್ದ ಮನೆಮನೆಗೂ ಕುದುರೆಯ ಮೇಲೆ ಟಪಾಲು ಹೊತ್ತ ಹೆಂಗಸು ಆಕೆ. ಹಿಮ ಎದೆಮಟ್ಟ ಬಿದ್ದಿದ್ದಾಗಲೂ ಟಪಾಲು ತಪ್ಪಿಸಿದವಳಲ್ಲ. ಸೊಂಟದಲ್ಲಿ ಅಜ್ಜನ ಕಾಲದ ಕೋಲ್ಟ್ ರಿವಾಲ್ವರ್ ಇರುತ್ತಿತ್ತು. ಸಾಯುವಾಗ ರಿವಾಲ್ವರನ್ನು ಮಗ ರೋಲ್ಫ್‌ಗೂ, ಅದರ ತೊಗಲಿನ ಚೀಲವನ್ನು ಹಿರಿಯ ಮಗಳು ಬೋರ್ಗಿಲ್ಡ್‌ಗೂ ಕೊಟ್ಟಿದ್ದಳು.

ಆ ವಸಂತದಲ್ಲಿ ಶಿಕಾಗೋದಿಂದ ವೆಂಡೆಲ್ ಕ್ರೂ ಎಂಬ ಹಳೆಯ ಬಂದೂಕು ಸಂಗ್ರಹಕಾರ ಆ ರಿವಾಲ್ವರನ್ನು ಕೊಳ್ಳಲು ಬಂದಿದ್ದ. ರೋಲ್ಫ್ ತನ್ನ ಕಡೆಯಿಂದ ಪರೀಕ್ಷೆಗೆಂದು ಎಮಿಲ್‌ನನ್ನೂ, ಚೀಲದ ತೊಗಲು ನೋಡಲು ನನ್ನನ್ನೂ ಕರೆದಿದ್ದ. ಹಾಗಾಗಿ ಅಂದು ನಡೆದದ್ದೆಲ್ಲ ನನ್ನ ಕಣ್ಣೆದುರೇ.

ಕ್ರೂ ಆತುರದ ಮನುಷ್ಯನಲ್ಲ. ಬಿಳಿಯ ಹತ್ತಿ ಕೈಗವಸು ತೊಟ್ಟು, ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂರು ಕಡೆ ಕೊರೆದಿದ್ದ ಸಂಖ್ಯೆ ಒಂದೇ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿದ. ತಿರುಪುಗಳ ತಲೆ ಕಚ್ಚಿಹೋಗಿಲ್ಲ, ನಳಿಗೆಯ ಮೇಲಿನ ಅಕ್ಷರ ಮಸುಕಾಗಿಲ್ಲ ಎಂದು ತಲೆಯಾಡಿಸಿದ. ಗುಂಡಿಗೆ ಬಡಿಯುವ ಹ್ಯಾಮರ್ ಎಳೆದು, ಗುಂಡು ತುಂಬುವ ಉರುಳೆ ತಿರುಗುವ ಸದ್ದಿಗೆ ಕಿವಿಗೊಟ್ಟ. ಕೊನೆಗೆ ನಳಿಗೆಯನ್ನು ಬೆರಳಿಂದ ಸವರಿದ. ಅದರ ಮೇಲೆ ಹಣ್ಣಾದ ಹುಣಸೆಯ ಬಣ್ಣ ಕವಿದಿತ್ತು.

"ಇದನ್ನ ಯಾರೂ ಬಳಿಯೋಕಾಗಲ್ಲ. ಕಾಲಾನೇ ಬಳೀಬೇಕು. ನಾನು ಕೊಡೋ ದುಡ್ಡಲ್ಲಿ ಮುಕ್ಕಾಲು ಪಾಲು ಈ ಕಂದು ಬಣ್ಣಕ್ಕೇ. ಇದನ್ನ ಉಜ್ಜಿದ್ರೆ ನನ್ನ ಪಾಲಿಗೆ ಇದು ಬರೀ ಕಬ್ಬಿಣ" ಎಂದ ಕ್ರೂ.

"ನಾನು ಎಲ್ಲರಿಗೂ ಬಡ್ಕೊಳ್ಳೋದೂ ಅದನ್ನೇ" ಎಂದ ಎಮಿಲ್.

ಕ್ರೂ ಹೇಳಿದ ಬೆಲೆಗೆ ಒಂದು ಹೊಸ ಟ್ರಕ್ ಬರುತ್ತಿತ್ತು. ರೋಲ್ಫ್ ಥಟ್ಟನೆ ಕೈಚಾಚಿದ. ಇಬ್ಬರೂ ಕೈಕುಲುಕಿದರು. ಅಕ್ಟೋಬರಿನಲ್ಲಿ ಹಣ ತಂದು ವಸ್ತು ಒಯ್ಯುವುದೆಂದಾಯಿತು. ನಮ್ಮ ಕಡೆ ಕೈಕುಲುಕಿದ ಮೇಲೆ ವ್ಯಾಪಾರ ಮುಗಿದ ಹಾಗೆಯೇ. ಕಾಗದ, ರುಜು ಯಾರೂ ಕೇಳುವುದಿಲ್ಲ.

ನಮಗೆ ಊಟ ಬಡಿಸುತ್ತಿದ್ದ ಬೋರ್ಗಿಲ್ಡ್ ತಟ್ಟೆ ಕುಕ್ಕಿದಳು. "ಅಮ್ಮನ್ನ ಮಾರ್ಕೊಂಡ್ಯಲ್ಲೋ! ಇನ್ನು ಅವಳ ಸಮಾಧಿ ಕಲ್ಲಿಗೂ ಗಿರಾಕಿ ಹುಡುಕು."

"ಸುಮ್ನಿರು ಅಕ್ಕ" ಎಂದ ರೋಲ್ಫ್. ಆದರೆ ಆಮೇಲೆ ಅವನು ಊಟ ಮುಟ್ಟಲಿಲ್ಲ. ಹ್ಯಾಮರ್ ಮೇಲೆ ತಾಯಿಯ ಹೆಬ್ಬೆರಳು ಸವೆಸಿದ್ದ ಗುಳಿಯೊಳಗೆ ತನ್ನ ಹೆಬ್ಬೆರಳಿಟ್ಟುಕೊಂಡು ಕೂತಿದ್ದ.

ಮುಂದಿನದನ್ನು ಎಮಿಲ್ ಹೇಳಿದ. ಆಗಸ್ಟಿನಲ್ಲಿ ಉರುಳೆಯ ಕೀಲು ಬಿಗಿದಿದೆಯೆಂದು ರೋಲ್ಫ್ ರಿವಾಲ್ವರನ್ನು ಅವನ ಅಂಗಡಿಗೆ ಕೊಟ್ಟಿದ್ದ. ಎಮಿಲ್ ಕೀಲು ಸಡಿಲಿಸಿ, ಮೈತುಂಬ ಎಣ್ಣೆ ಹಚ್ಚಿ, ಕಂದು ಕಾಗದದಲ್ಲಿ ಸುತ್ತಿ ಹಿಂದಿರುಗಿಸಿದ್ದ. ಕಳೆದ ಸೋಮವಾರ ಕ್ರೂ ಬಂದ. ರೋಲ್ಫ್ ಪೊಟ್ಟಣ ಬಿಚ್ಚಿದ. ಒಳಗಿದ್ದ ರಿವಾಲ್ವರ್ ಹೊಸ ಚಮಚದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕ್ರೂ ಕೈಗವಸು ಕಳಚಿದ. ವ್ಯಾಪಾರ ಮುರಿಯಿತು.

"ರೋಲ್ಫ್ ನಿನ್ನ ಹೆಸರು ಹೇಳಿದ್ನಾ?" ಭಾವ ಕೇಳಿದರು.

"ಇಲ್ಲ. 'ಎಮಿಲ್ ಅಂಗಡಿಯಿಂದ ಬಂದ ಮೇಲೆ ಪೊಟ್ಟಣ ಬಿಚ್ಚೇ ಇಲ್ಲ' ಅಂದನಂತೆ. ಅಷ್ಟು ಸಾಕಲ್ಲ! ಪಾಲಿಶ್ ಚಕ್ರ ಇರೋದು ಊರಲ್ಲಿ ನನ್ನೊಬ್ಬನ ಹತ್ರ. ಬೇಟೆ ಶುರುವಾಗೋ ಕಾಲ, ಗೋಡೆಮೇಲೆ ಬಂದೂಕು ತೂಗುಹಾಕೋಕೆ ಜಾಗ ಇರ್ತಿರ್ಲಿಲ್ಲ. ಈಗ ಎಲ್ಲಾ ತಮ್ತಮ್ಮದು ವಾಪಸ್ ತಗೊಂಡು ಹೋಗ್ತಿದಾರೆ. ನಾನು ನನ್ನ ಜನ್ಮದಲ್ಲಿ ಹಳೇ ಬಂದೂಕಿಗೆ ಚಕ್ರ ಮುಟ್ಟಿಸಿದೋನಲ್ಲ, ಥೋರ್ವಾಲ್ಡ್!"

ಎಲ್ಸಾ ಮುಖ ತಿರುಗಿಸಿ ಒಲೆ ಕೆದಕತೊಡಗಿದಳು.

ಆ ಮಧ್ಯಾಹ್ನವೇ ಭಾವನೂ ನಾನೂ ರೋಲ್ಫ್ ಮನೆಗೆ ಹೋದೆವು. ಅವನಿನ್ನೂ ಮದುವೆಯಾಗದ ಒಂಟಿ. ಅಡುಗೆಮನೆಯ ಒಲೆಯ ಪಕ್ಕದ ಡ್ರಾಯರಿನಿಂದ ರಿವಾಲ್ವರನ್ನೂ ಕಾಗದವನ್ನೂ ತೆಗೆದು ಮೇಜಿನ ಮೇಲಿಟ್ಟ. ಒಲೆಯ ಮೇಲೆ ಕೆಟಲ್ ಹಬೆ ಉಗುಳುತ್ತಿತ್ತು.

ಭಾವ ಮುಂಗಾಲು ಕಟ್ಟಿದ ಕರುವನ್ನು ನೋಡುವ ಹಾಗೆ ಅದರ ಸುತ್ತ ಒಮ್ಮೆ ನಡೆದರು. ಆಮೇಲೆ ಕೈಗೆತ್ತಿಕೊಂಡರು. ನಾನೂ ನೋಡಿದೆ. ನಳಿಗೆ, ಉರುಳೆ, ನಡುಮೈ ಬೆಳ್ಳಗೆ ಥಳಥಳಿಸುತ್ತಿದ್ದವು. ಆದರೂ ಅಂಚುಗಳು ಚೂಪಾಗಿದ್ದವು, ಅಕ್ಷರಗಳು ಸ್ಪಷ್ಟವಾಗಿದ್ದವು. ನೂಲಿನಂಥ ಗೀರುಗಳು ನಳಿಗೆಯ ಉದ್ದಕ್ಕೂ ನೇರವಾಗಿ ಓಡಿದ್ದವು. ಹಿಡಿಯ ಹಿಂದಿನ ಉಕ್ಕಿನ ಪಟ್ಟಿ, ಸಂಖ್ಯೆಗಳಿದ್ದ ಜಾಗ, ಹ್ಯಾಮರ್ ಮಾತ್ರ ಮೊದಲಿನ ಹುಣಸೆ ಬಣ್ಣದಲ್ಲೇ ಇದ್ದವು. ತಿರುಪುಗಳ ಮೇಲೆ ಒಂದು ಗಾಯವಿರಲಿಲ್ಲ. ಎಲ್ಲೂ ತುಕ್ಕಿನ ಚುಕ್ಕೆ ಇರಲಿಲ್ಲ.

ಭಾವ ಹಲ್ಲುಕಡ್ಡಿಯಿಂದ ಒಂದು ಸಂದಿಯನ್ನು ಕೆದಕಿದರು. ಒಣಗಿದ ಬೂದಿ ಉದುರಿತು. ಕಾಗದವನ್ನು ಬೆಳಕಿಗೆ ಹಿಡಿದರು. ಅದು ಎಣ್ಣೆ ಕುಡಿದು ಗಾಜಿನ ಹಾಗಾಗಿತ್ತು.

"ಎಮಿಲ್ ಹತ್ರ ನಷ್ಟ ಕೇಳಲ್ವೇನೋ?" ಎಂದರು.

"ಆದದ್ದಾಯ್ತು ಬಿಡಿ" ಎಂದ ರೋಲ್ಫ್. ಟ್ರಕ್ ಕಳೆದುಕೊಂಡವನ ದುಃಖ ಎಂದುಕೊಂಡೆ ನಾನು.

ದಾರಿಯಲ್ಲಿ ಬೋರ್ಗಿಲ್ಡ್ ತನ್ನ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಳು. ಜೂನಿನಲ್ಲಿ ಬೆಟ್ಟ ಹತ್ತಿದ ಮಂದೆಯನ್ನು ಮೊದಲ ಹಿಮ ಬಿದ್ದ ಮೇಲೆ ಇಳಿಸಿದ್ದಳು. ಅವಳು ಊರು ಸೇರಿದ್ದು ಕ್ರೂ ಬರುವ ಹಿಂದಿನ ದಿನ.

"ಯಾರೇ ಮಾಡಿರ್ಲಿ, ಕೈ ಮುಗೀತೀನಿ. ಹಾಳಾದ್ರೂ ಮನೇಲಿ ಉಳೀತು. ನನ್ನ ಮೇಲೆ ಅನುಮಾನ ಇದ್ರೆ ಹೇಳಿಬಿಡಿ, ಮುದ್ರೆ ಸಾಹೇಬ್ರೆ" ಎಂದಳು.

"ನಿನ್ನ ಮೇಲೆ ಊರಿಗೇ ಅನುಮಾನ ಬರ್ಬೇಕಿತ್ತಮ್ಮ. ಬರ್ಲಿಲ್ವಲ್ಲ ಅಂತ ಬೇಜಾರಾ?" ಎಂದು ಭಾವ ನಕ್ಕರು.

ಮರುದಿನ ಬೆಳಿಗ್ಗೆ ಎಮಿಲ್‌ನ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಕ್ರೂ ಭಾವನ ಮಾತಿಗೆ ತನ್ನ ರೈಲು ಮುಂದೂಡಿದ್ದ. ರೋಲ್ಫ್ ಬಾಗಿಲ ಬಳಿ ನಿಂತ. ಬೋರ್ಗಿಲ್ಡ್ ಪೆಟ್ಟಿಗೆಯ ಮೇಲೆ ಕೂತಳು. ಖಾಲಿ ಗೋಡೆಯ ಗೂಟಗಳ ಕೆಳಗೆ ಎಮಿಲ್ ಕೈಕಟ್ಟಿ ನಿಂತಿದ್ದ.

ಭಾವ ರಿವಾಲ್ವರನ್ನು ಮೇಜಿನ ಮೇಲಿಟ್ಟರು. "ಎಮಿಲ್, ಚಕ್ರ ಹಿಡಿದ್ರೆ ಹಳೇ ಉಕ್ಕಿಗೆ ಏನಾಗುತ್ತೆ?"

"ಅಂಚು ಕರಗುತ್ತೆ. ತಿರುಪಿನ ತೂತಿನ ಸುತ್ತ ತಟ್ಟೆ ಹಾಗೆ ತಗ್ಗು ಬೀಳುತ್ತೆ. ಅಕ್ಷರ ಅಳಿಸಿಹೋಗುತ್ತೆ."

"ಇಲ್ಲಿ?"

ಎಮಿಲ್ ಬಗ್ಗಿ ನೋಡಿದ. ಬೆಳ್ಳಗಾದ ಮೇಲೆ ರೋಲ್ಫ್ ಅದನ್ನು ಅವನ ಕೈಗೆ ಕೊಟ್ಟಿರಲಿಲ್ಲ. "ಯಾವ್ದೂ ಇಲ್ಲ! ಇದು ಕೈಯಲ್ಲಿ ಉಜ್ಜಿದ್ದು. ಬೂದಿ ಹಾಕಿ, ತೊಗಲಲ್ಲಿ. ಇಷ್ಟಾಗೋಕೆ ವಾರಗಟ್ಟಲೆ ಬೇಕು."

"ಚಕ್ರ ಇಟ್ಕೊಂಡೋನು ವಾರಗಟ್ಟಲೆ ಕೈ ನೋಯಿಸ್ಕೊಳ್ಳಲ್ಲ. ಇನ್ನೊಂದು ವಿಷ್ಯ. ಎಮಿಲ್ ಹಚ್ಚಿದ ಎಣ್ಣೆ ಕಾಗದದಲ್ಲಿದೆ. ಸಂದಿಯಲ್ಲೂ ವರ್ಷಗಟ್ಟಲೆ ನಿಲ್ಲಬೇಕಿತ್ತು. ಅಲ್ಲಿರೋದು ಒಣ ಬೂದಿ. ಅಂದ್ರೆ ಎಣ್ಣೆ ಹಚ್ಚಿದ್ದು ಮೊದಲು, ಉಜ್ಜಿದ್ದು ಆಮೇಲೆ. ಎಣ್ಣೆ ಇಲ್ಲದ ಬೆತ್ತಲೆ ಉಕ್ಕು ಕೆಟಲ್ ಪಕ್ಕ ಆಗಸ್ಟಿಂದ ಮಲಗಿದ್ರೆ ಕೆಂಪು ಚುಕ್ಕೆ ಬರ್ದೆ ಇರುತ್ತಾ ಕ್ರೂ ಅವರೇ?"

"ಒಂದು ವಾರ ಸಾಕು, ಚುಕ್ಕೆ ಏಳೋಕೆ" ಎಂದ ಕ್ರೂ.

"ಹಾಗಾದ್ರೆ ಈ ಕೆಲಸ ಮುಗಿದದ್ದು ಮೊನ್ನೆ ಮೊನ್ನೆ. ಪೊಟ್ಟಣ ಎಮಿಲ್ ಅಂಗಡಿ ಬಿಟ್ಟು ಎಷ್ಟೋ ದಿನ ಆದ್ಮೇಲೆ."

ಬೋರ್ಗಿಲ್ಡ್ ತಮ್ಮನ ಕಡೆ ನೋಡಿದಳು. ಭಾವ ನಿಲ್ಲಿಸಲಿಲ್ಲ.

"ಇದು ಗೊತ್ತಿಲ್ದೆ ಪ್ರೀತಿಯಿಂದ ತೊಳೆದೋರ ಕೆಲಸವೂ ಅಲ್ಲ. ಅಂಥೋರು ಪೂರ್ತಿ ಉಜ್ತಾರೆ. ಇಲ್ಲಿ ಹಿಡಿಯ ಪಟ್ಟಿನ ಜೋಪಾನವಾಗಿ ಬಿಚ್ಚಿ ಪಕ್ಕಕ್ಕಿಟ್ಟು, ಉಳಿದದ್ದನ್ನ ಉಜ್ಜಿ, ಮತ್ತೆ ಕೂಡಿಸಿದಾರೆ. ಸಂಖ್ಯೆ ಮುಟ್ಟಿಲ್ಲ. ಸಿಗ್ರಿಡಮ್ಮನ ಹೆಬ್ಬೆರಳಿನ ಗುಳಿ ಮುಟ್ಟಿಲ್ಲ. ಕ್ರೂ ಅವರು ದುಡ್ಡು ಕೊಡೋದು ಎಲ್ಲಿಗೆ ಅಂತ ತಿಳಿದು, ಅಷ್ಟನ್ನೇ ಅಳಿಸಿದಾರೆ. ಆ ಮಾತು ವಸಂತದಲ್ಲಿ ಕೇಳಿಸ್ಕೊಂಡೋರು ಎಮಿಲ್, ಕ್ಲೈಡ್, ಬೋರ್ಗಿಲ್ಡ್, ರೋಲ್ಫ್. ಎಮಿಲ್ ಕೈಗೂ ನನ್ನ ಬಾಮೈದನ ಕೈಗೂ ಆಗಸ್ಟಿಂದೀಚೆಗೆ ಇದು ಸಿಕ್ಕಿಲ್ಲ. ಬೋರ್ಗಿಲ್ಡ್ ಬೆಟ್ಟದ ಮೇಲಿದ್ಳು, ಇಳಿದ ಒಂದು ದಿನದಲ್ಲಿ ಇಷ್ಟು ಉಜ್ಜೋಕಾಗಲ್ಲ. ಕ್ರೂ ಅವರಿಗೆ ಕಡಿಮೆ ಬೆಲೆಗೆ ಹೊಡ್ಕೊಳ್ಳೋ ಆಸೆ ಇದ್ದಿದ್ರೆ ಚೌಕಾಸಿ ಮಾಡ್ತಿದ್ರು, ಕೈಗವಸು ಕಳಚ್ತಿರ್ಲಿಲ್ಲ. ಅಲ್ಲದೆ ಅವರಿದ್ದದ್ದು ಶಿಕಾಗೋದಲ್ಲಿ."

"ಆದ್ರೆ ಭಾವ, ತನ್ನ ಟ್ರಕ್ ತಾನೇ ಹಾಳು ಮಾಡ್ಕೊಳ್ಳೋರು ಯಾರು?" ನಾನು ಕೇಳಿಯೇಬಿಟ್ಟೆ.

"ಕೈಕುಲುಕಿಬಿಟ್ಟೋನು. ಮಾತು ಹಿಂದಕ್ಕೆ ತಗೊಂಡ್ರೆ ಈ ಊರಲ್ಲಿ ಅವನ ಒಂದು ಕರು ಕೂಡ ಯಾರೂ ಕೊಳ್ಳಲ್ಲ ಅಂತ ಗೊತ್ತಿದ್ದೋನು. ಮಾರೋನು ಹಿಂದೆ ಸರಿಯೋ ಹಾಗಿಲ್ಲ. ಕೊಳ್ಳೋನೇ ಸರಿಯೋ ಹಾಗೆ ಮಾಡ್ಬೇಕು. ಹೌದೇನೋ ರೋಲ್ಫ್?"

ರೋಲ್ಫ್ ಟೋಪಿಯ ಅಂಚನ್ನು ಬೆರಳುಗಳ ನಡುವೆ ಸುತ್ತಿಸುತ್ತಿದ್ದ.

"ಬೆಲೆ ಕೇಳಿ ತಲೆ ತಿರುಗ್ತು, ಕೈ ಕೊಟ್ಬಿಟ್ಟೆ" ಎಂದ ಕೊನೆಗೆ. "ಊಟ ಮುಗಿಯೋದ್ರೊಳಗೇ ಗೊತ್ತಾಯ್ತು, ತಪ್ಪಾಯ್ತು ಅಂತ. ಹ್ಯಾಮರ್ ಮೇಲೆ ಅಮ್ಮನ ಬೆರಳಿದೆ. ಅದನ್ನ ಮುಟ್ಟೋಕೆ ನನ್ನ ಕೈ ಬರ್ಲಿಲ್ಲ."

"ಒಂದು ಮಾತು ಹೇಳಿದ್ರೆ ನಾನು ಬಿಟ್ಟುಬಿಡ್ತಿದ್ದೆನಲ್ಲ!" ಎಂದ ಕ್ರೂ.

"ನೀವು ಬಿಡ್ತಿದ್ರಿ. ನಾನು ಕೇಳೋ ಹಾಗಿರ್ಲಿಲ್ಲ."

ಬೋರ್ಗಿಲ್ಡ್ ಎದ್ದು ಹೋಗಿ ತಮ್ಮನ ಬೆನ್ನಿಗೊಂದು ಗುದ್ದಿದಳು. "ಕತ್ತೆ! ನನಗಾದ್ರೂ ಹೇಳಬಾರ್ದಿತ್ತೇನೋ?" ಎನ್ನುತ್ತ ಅಲ್ಲೇ ಅತ್ತಳು.

ಭಾವ ಮಾತ್ರ ಮೆತ್ತಗಾಗಲಿಲ್ಲ. "ನಿನ್ನ ಮಾತು ಉಳಿಸ್ಕೊಂಡೆ, ಸರಿ. ಅದಕ್ಕೆ ಬೆಲೆ ತೆತ್ತೋನು ಎಮಿಲ್. ಅವನ ಹೆಸರು ನಿಂದಲ್ಲ ಖರ್ಚು ಮಾಡೋಕೆ. ನೀನು ಸುಳ್ಳು ದೂರು ಹೇಳ್ಲಿಲ್ಲ, ನಿಜ. ಜನ ಹೇಳ್ವಾಗ ಬಾಯಿ ಮುಚ್ಕೊಂಡಿದ್ದೆ. ಅದು ಅದಕ್ಕಿಂತ ಕಡಿಮೆಯೇನಲ್ಲ."

ರೋಲ್ಫ್ ಎಮಿಲ್ ಮುಂದೆ ಬಂದು ನಿಂತ. "ತಪ್ಪಾಯ್ತು ಎಮಿಲಣ್ಣ."

"ಈ ನಾಲ್ಕು ಗೋಡೆ ಮಧ್ಯೆ ಹೋಗಿದ್ದಲ್ಲ ನನ್ನ ಹೆಸರು. ಎಲ್ಲಿ ಹೋಯ್ತೋ ಅಲ್ಲಿ ಹೋಗಿ ಹೇಳು" ಎಂದ ಎಮಿಲ್.

ಶನಿವಾರ ದನದ ಹರಾಜು. ಸುತ್ತಲಿನ ಸಾಕಣೆಗಾರರೆಲ್ಲ ಮೆಟ್ಟಿಲು ಹಲಗೆಗಳ ಮೇಲೆ ಕಿಕ್ಕಿರಿದಿದ್ದರು. ಮೊದಲ ಹೋರಿಯನ್ನು ಬಿಡುವ ಮುನ್ನ ರೋಲ್ಫ್ ಹೌಗೆನ್ ಮರಳಿನ ಕಣಕ್ಕಿಳಿದು, ಹರಾಜುಗಾರನ ಕೈಯಿಂದ ಮೈಕು ತೆಗೆದುಕೊಂಡ. ಏನನ್ನೂ ಮುಚ್ಚಿಡಲಿಲ್ಲ. ಬೂದಿಯನ್ನೂ ಹೇಳಿದ, ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದ. ಕೊನೆಗೆ, "ಈ ಜಿಲ್ಲೇಲಿ ಬಂದೂಕಿನ ವಿಷಯಕ್ಕೆ ಎಮಿಲ್ ಕ್ರಾಟ್ಸ್‌ಗಿಂತ ಪ್ರಾಮಾಣಿಕ ಕೈ ಇಲ್ಲ. ನನ್ನ ಜೊತೆ ಇನ್ಮೇಲೆ ವ್ಯಾಪಾರ ಮಾಡೋದು ಬಿಡೋದು ನಿಮಗೆ ಬಿಟ್ಟದ್ದು" ಎಂದು ಮೈಕು ಹಿಂದಿರುಗಿಸಿದ.

ಕಟಕಟೆಯ ಹಿಂದೆ ಹೋರಿ ಗುಟುರು ಹಾಕುತ್ತಿತ್ತು. ಭಾವನ ಪಕ್ಕದಲ್ಲಿ ಕೂತಿದ್ದ ನನ್ನ ಎದೆ ಉಬ್ಬಿತ್ತು. ಅವರು ಮಾತ್ರ ಹೋರಿಯ ಮುದ್ರೆಯನ್ನೇ ದಿಟ್ಟಿಸುತ್ತಿದ್ದರು.

ಮೇಲಿನ ಸಾಲಿನಿಂದ ಒಬ್ಬ ಮುದುಕ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಏ ಎಮಿಲ್! ನಮ್ಮಪ್ಪಂದೊಂದು ಹಳೇ ಬಂದೂಕು ಅಟ್ಟದ ಮೇಲಿದೆ. ಮಗ ಮಾರ್ಬೇಕು ಅಂತಾನೆ. ಎಷ್ಟು ಬೆಲೆಯಾಗುತ್ತೆ ನೋಡಿ ಹೇಳ್ತೀಯೇನಯ್ಯ?"

ಎಮಿಲ್ ಎದ್ದುನಿಂತ. ಅಷ್ಟೂ ಜನ ತನ್ನ ಕಡೆ ತಿರುಗುವವರೆಗೆ ಕಾದ.

"ಸೋಮವಾರ ತಗೊಂಡ್ಬಾ" ಎಂದ. "ಧೂಳು ಕೂಡ ಒರೆಸ್ಬೇಡ."