ಬಂಡೆಯ ಬೆನ್ನಿಗೆ ಬೊಟ್ಟು

“ಆ ಕೊರಕಲಿಗೆ ನಾನು ಸಹಿ ಹಾಕಲ್ಲ,” ಅಂದಳು. ಅಷ್ಟೇ. ಮೊಣಕಾಲಿಗೆ ಮೆತ್ತಿದ್ದ ಮಣ್ಣನ್ನೂ ಒರೆಸಿಕೊಳ್ಳದೆ, ಮ್ಯಾಪ್ ಮಡಚಿಕೊಂಡು ಹೊರಟೇಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬೆಟ್ಟದ ಓಟಕ್ಕೆ ಉಳಿದಿದ್ದು ಎಂಟೇ ದಿನ. ಇಪ್ಪತ್ತೊಂದು ಕಿಲೋಮೀಟರಿನಲ್ಲಿ ಮಿಕ್ಕಿದ್ದನ್ನೆಲ್ಲ ಯಾರು ಬೇಕಾದರೂ ಗುರುತು ಮಾಡಿಯಾರು. ಕೊರಕಲು ಮಾತ್ರ ನನ್ನದು. ಬೆಟ್ಟದ ಎರಡು ಕಲ್ಲುಗೋಡೆಗಳ ನಡುವೆ ಲಾರಿಯಷ್ಟು ದೊಡ್ಡ ಬಂಡೆಗಳು. ಅದರಲ್ಲೇ ಹತ್ತಬೇಕು, ತುದಿ ಮುಟ್ಟಿ ಅದರಲ್ಲೇ ಇಳಿಯಬೇಕು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ನಾನು ಮಾಡಿದ್ದು ಅಂತ ತೋರಿಸೋಕೆ ನನಗಿದ್ದದ್ದು ಆ ದಾರಿ ಒಂದೇ.

ಅವಳು ಕ್ಲಿನಿಕ್ಕಿನ ಫಿಸಿಯೋ. ಓಟ ನಡೆಸುವ ಮೇಷ್ಟ್ರು ಯಾವ ದಾರಿ ಸುರಕ್ಷಿತ ಅನ್ನೋದನ್ನು ಅವಳ ಕೈಗೆ ಕೊಟ್ಟಿದ್ದರು. ಅವಳ ಸಹಿ ಇಲ್ಲದಿದ್ದರೆ ಕೊರಕಲಿಲ್ಲ.

ಆ ಬೆಳಿಗ್ಗೆ ಟ್ರಯಲ್ ಓಟ. ಮಿಕ್ಕವರು ನನ್ನ ಹಿಂದೆಯೇ ಇಳಿದರು; ಎಲ್ಲರ ಹಿಂದೆ ಕೊನೆಯವಳಾಗಿ ಬರೋದು ಅವಳ ಕೆಲಸ. ಇಳಿಯುವಾಗ ಅವಳು ದಾರಿ ತಪ್ಪಿ, ಪ್ರಪಾತದ ಅಂಚಿನವರೆಗೂ ಹೋಗಿ, ಒಂದೂವರೆ ಗಂಟೆ ತಡವಾಗಿ ಬಂದಳು. ಆ ಒಂದೂವರೆ ಗಂಟೆ ನಾನು ಹೇಗಿದ್ದೆ ಅಂತ ನನಗೆ ಗೊತ್ತು. ಅವಳು ಕಂಡಿದ್ದೇ ತಡ, ಹನ್ನೆರಡು ಜನರ ಮುಂದೆ ಕೂಗಿಬಿಟ್ಟೆ. “ಕಣ್ಣು ಎಲ್ಲಿಟ್ಕೊಂಡು ಇಳಿದ್ರಿ? ಬಂಡೆಬಂಡೆಗೂ ಕೆಂಪು ಬೊಟ್ಟು ಇಟ್ಟಿದೀನಲ್ರೀ.”

ಹೆದರಿಕೆ ನನ್ನ ಬಾಯಿಂದ ಸಿಟ್ಟಾಗಿಯೇ ಬರುತ್ತದೆ. ಏನು ಮಾಡಲಿ.

ಮಾರನೇ ದಿನ ಭಾವನ ಟೈರ್ ಅಂಗಡಿಯಲ್ಲಿ ಕೈಗೆ ಸಿಕ್ಕ ಟ್ಯೂಬನ್ನೆಲ್ಲ ಎಳೆದಾಡಿದೆ. ಭಾವ ಸುಮ್ಮನೆ ನೋಡಿ ನೋಡಿ ಕೇಳಿದರು, “ಅದರ ಮೇಲೆ ಯಾಕಯ್ಯ ಸಿಟ್ಟು? ಅದೂ ಸಹಿ ಹಾಕಲ್ಲ ಅಂತಾ?” ಒಳಗಿಂದ ಅಕ್ಕ ನಕ್ಕಿದ್ದು ಕೇಳಿಸಿತು.

ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಮೂರು ತಿಂಗಳು ನಾವಿಬ್ಬರೂ ಮ್ಯಾಪಿನಲ್ಲಿ ದಾರಿ ಹಾಕಿದ್ದು. ಲಾರಿ ಟೈರೇ ನಮ್ಮ ಮೇಜು. ಅವಳ ಕಿವಿಯ ಹಿಂದೆ ಪೆನ್ಸಿಲ್, ಕೆನ್ನೆಗೆ ಒಂದೆಳೆ ಕೂದಲು. ಕೊರಕಲು ಹತ್ತೋಕೆ ಹನ್ನೆರಡು ನಿಮಿಷ ಅಂದರೆ ತಲೆ ಎತ್ತದೆ ಕಣ್ಣು ಮಾತ್ರ ಎತ್ತುತ್ತಿದ್ದಳು. “ನಿಮ್ಮ ಲೆಕ್ಕದಲ್ಲೋ, ಮನುಷ್ಯರ ಲೆಕ್ಕದಲ್ಲೋ?” ಆ ನೋಟಕ್ಕೋಸ್ಕರ ಎಷ್ಟೋ ಸಲ ನಾನು ಬೇಕಂತಲೇ ನಿಮಿಷ ಕಡಿಮೆ ಹೇಳಿದ್ದುಂಟು.

ಸಂಜೆ ತಡೆಯಲಾಗಲಿಲ್ಲ. ಅವಳದೇ ತಪ್ಪು ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಬೆಳಕಿದ್ದಾಗಲೇ ಬೆಟ್ಟಕ್ಕೆ ಓಡಿದೆ. ಹತ್ತುವಾಗ ಬೊಟ್ಟುಗಳೆಲ್ಲ ಕೆಂಡದ ಹಾಗೆ ಕಂಡವು. ನೋಡು, ನೋಡು ಅಂತ ಪ್ರತಿಯೊಂದಕ್ಕೂ ಅಂದುಕೊಂಡೇ ಹತ್ತಿದೆ.

ತುದಿಯಲ್ಲಿ ತಿರುಗಿ ನಿಂತೆ.

ಒಂದು ಬೊಟ್ಟೂ ಇಲ್ಲ. ಕೆಳಗಿನವರೆಗೂ ಬರೀ ಬೂದು ಕಲ್ಲು.

ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಬ್ರಷ್ ಹಿಡಿದು ಹತ್ತುತ್ತಾ ಹತ್ತುತ್ತಾ ಬಣ್ಣ ಹಚ್ಚಿದವನು ನಾನು. ಬಂಡೆಗಳ ಮುಖಕ್ಕೆ ಹಚ್ಚಿದ್ದೆ. ಬೆನ್ನಿಗೆ ಒಂದಕ್ಕೂ ಇಲ್ಲ. ಇಳಿಯೋಕೆ ನನಗೆ ಗುರುತು ಯಾವತ್ತೂ ಬೇಕಾಗಿರಲಿಲ್ಲ, ಕಾಲಿಗೇ ದಾರಿ ಗೊತ್ತಿತ್ತು. ಅವಳು ಆ ಅಂಚಿನವರೆಗೆ ಹೋದದ್ದು ನನ್ನಿಂದ. ಅಲ್ಲೇ ಕೂತುಬಿಟ್ಟೆ. ಸಿಟ್ಟು ಮಾಡಿಕೊಳ್ಳೋಕೆ ಬೇರೆ ಯಾರೂ ಸಿಗಲಿಲ್ಲ.

ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಕಲಿತುಕೊಂಡು ಹೋದ ಮಾತೆಲ್ಲ ಮರೆತುಹೋಯಿತು. ತಪ್ಪು ನನ್ನದು, ಬೆನ್ನಿಗೆ ಬೊಟ್ಟಿಲ್ಲ, ಅಂದೆ. ಅವಳು ಬೀಗದಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತು.”

“ಗೊತ್ತಿದ್ದೂ ಅಲ್ಲೇ ಯಾಕೆ ಹೇಳಲಿಲ್ಲ?”

“ಹನ್ನೆರಡು ಜನರ ಮುಂದೆ ನಿಮ್ಮ ತಲೆ ತಗ್ಗಿಸಬೇಕಿತ್ತಾ?” ಈಗ ನನ್ನ ಕಡೆ ತಿರುಗಿದಳು. “ನೀವು ಕೂಗಾಡಿದ್ರಿ ನಿಜ. ಆದ್ರೆ ನಿಮ್ಮ ಕೈ ನಡುಗ್ತಾ ಇತ್ತು. ಅದನ್ನೂ ನೋಡಿದೆ.”

ಭಾನುವಾರ ಇಬ್ಬರೂ ಹತ್ತಿದೆವು. ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ಅವಳ ಕಾಲು ಎಲ್ಲಿ ಅನುಮಾನಿಸುತ್ತದೋ ಅಲ್ಲಿ ಒಂದು ಬೊಟ್ಟು. ಹನ್ನೆರಡು ನಿಮಿಷದ ಕೊರಕಲು ಇಳಿಯೋಕೆ ಎರಡೂಮುಕ್ಕಾಲು ಗಂಟೆ. ಅಷ್ಟು ನಿಧಾನ ನಾನು ಹುಟ್ಟಿದಾಗಿನಿಂದ ನಡೆದಿಲ್ಲ. ಎದೆ ಮಾತ್ರ ಓಡುತ್ತಲೇ ಇತ್ತು. ಒಂದು ಕಡೆ ಅವಳು ಸುಮ್ಮಸುಮ್ಮನೆ ನಿಂತಳು. ಇಲ್ಲಿ ಅನುಮಾನ ಏನಿದೆ ಅಂದೆ. “ಏನಿಲ್ಲ, ಹಿಂದೆ ಇದೀರಾ ಅಂತ ನೋಡ್ದೆ.”

ಬುಡಕ್ಕೆ ಬಂದಾಗ ಚೀಲದಿಂದ ಮೇಷ್ಟ್ರ ಫಾರಂ ತೆಗೆದಳು. ಇಟ್ಟು ಬರೆಯೋಕೆ ಒಂದು ಸಮನಾದ ಕಲ್ಲಿರಲಿಲ್ಲ.

“ತಿರುಗಿ.”

ತಿರುಗಿದೆ. ನನ್ನ ಬೆನ್ನಿನ ಮೇಲೆ ಕಾಗದ ಹರಡಿ ಬರೆದಳು. ಬೆವರಿದ ಶರ್ಟಿನ ಮೇಲೆ ಪೆನ್ನಿನ ಮೊನೆ ಓಡುತ್ತಲೇ ಇತ್ತು.

“ಇಷ್ಟುದ್ದ ಸಹಿಯಾ?”

“ಒಂದು ಷರತ್ತೂ ಹಾಕಿದೀನಿ.”

ಕಿತ್ತುಕೊಂಡು ಓದಿದೆ. ದಾರಿ ಗುರುತು ಮಾಡಿದವನು ಕೊನೆಯವಳ ಜೊತೆಗೇ ಇಳಿಯತಕ್ಕದ್ದು.

ಈ ಸಲ ಹೆದರಿಕೆ ಸಿಟ್ಟಾಗಲಿಲ್ಲ. “ಓಟದ ದಿನ ಮಾತ್ರಾನಾ?”

ಅವಳು ತಲೆ ಎತ್ತಲಿಲ್ಲ, ಕಣ್ಣು ಮಾತ್ರ ಎತ್ತಿದಳು. “ಸರಿಯಾಗಿ ನೋಡಿ. ತಾರೀಖು ಹಾಕಿಲ್ಲ.”